ಗಣೇಶಖಿಂಡದ ಆ ಸಂಜೆ

ಪುಣೆಯಲ್ಲಿ ನೆಲೆಸಿದ ಕನ್ನಡಿಗರನ್ನು “ನೀವು ಈ ಊರಿಗೆ ಬಂದುದು ಹೇಗೆ?” ಎಂದು ಕೇಳಿ ನೋಡಿರಿ. ಓದುವುದಕ್ಕೆಂದು ಬಂದೆವು, ಇಲ್ಲಿಯೇ ನಿಂತೆವು ಎಂದು ಒಬ್ಬರು ಹೇಳುತ್ತಾರೆ. ಕಾರಖಾನೆಯಲ್ಲಿ ಕೆಲಸ ದೊರೆಯಿತು ಎಂದು ಇನ್ನೊಬ್ಬರು. ಸೋದರಮಾವ ಮೊದಲೇ ಇಲ್ಲಿದ್ದ, ಅವನ ಬೆನ್ನು ಹತ್ತಿ ಬಂದೆವು ಎಂದು ಮತ್ತೊಬ್ಬರು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಈ ಎಲ್ಲ ಉತ್ತರಗಳ ಹಿಂದೆ ಇನ್ನೂ ಹಳೆಯದಾದ ಒಂದು ಉತ್ತರವಿದೆ. ೧೮೧೭ನೆಯ ಇಸವಿಯ ನವೆಂಬರ ೫ರಂದು, ಬುಧವಾರ, ಇಳಿಹೊತ್ತಿನಲ್ಲಿ ಇದೇ ಊರಿನ ಅಂಚಿನಲ್ಲಿ ಒಂದು ಕಾದಾಟ ನಡೆಯಿತು. ಕುದುರೆಯ ದಂಡೊಂದು ನಾಗಾಲೋಟದಿಂದ ಏರಿ ಹೋಯಿತು. ಏರಿದಷ್ಟೇ ವೇಗದಿಂದ ಚದುರಿ ಹಿಂದಕ್ಕೆ ಬಂದಿತು. ಕತ್ತಲಾಗುವುದರೊಳಗೆ ಎಲ್ಲವೂ ಮುಗಿದುಹೋಯಿತು. ಧಾರವಾಡ, ಬೆಳಗಾವಿ, ವಿಜಯಪುರಗಳ ಮಕ್ಕಳು ಪುಣೆಯ ದಾರಿ ಹಿಡಿಯುವಂತಾದುದರ ಮೂಲ ಆ ಸಂಜೆಯಲ್ಲಿದೆ ಎಂದರೆ ಓದುಗರಿಗೆ ಸೋಜಿಗವೆನಿಸಬಹುದು. ಆ ಸೋಜಿಗವನ್ನು ಬಿಡಿಸಿ ಹೇಳುವುದೇ ಈ ಬರಹದ ಉದ್ದೇಶ.

ರಾವುತರ ಕಾಳಗವೆಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಮೈಸೂರು ಲಾನ್ಸರ್ಸ್ ದಳ. ಮೊದಲನೆಯ ಮಹಾಯುದ್ಧದ ಕೊನೆಗೆ, ೧೯೧೮ರ ಸೆಪ್ಟೆಂಬರ ೨೩ರಂದು, ಅವರು ಜೋಧಪುರದ ರಾವುತರೊಡನೆ ಕೂಡಿ ಹೈಫಾ ಪಟ್ಟಣವನ್ನು ಗೆದ್ದರು. ಅದು ದೂರದೇಶದ ಮಾತು, ಗೆಲುವಿನ ಮಾತು, ಹೇಳಿಕೊಳ್ಳಲು ಹಿತವಾಗಿರುತ್ತದೆ. ಗಣೇಶಖಿಂಡದ ಕಾಳಗವಾದರೋ ನಮ್ಮ ಮನೆಯ ಹಿತ್ತಿಲಲ್ಲಿ ನಡೆದದ್ದು. ಅದು ಒಂದು ದೊಡ್ಡ ಯುದ್ಧದ ಮೊದಲ ದಿನ. ಅದರಲ್ಲಿ ನಾವು ಗೆದ್ದೆವೋ ಸೋತೆವೋ ಎಂಬುದನ್ನು ಹೇಳುವುದು ಅಷ್ಟು ಸುಲಭವಲ್ಲ. ಆದುದರಿಂದಲೇ ಅದನ್ನು ಕುರಿತು ನಾವು ಮಾತನಾಡುವುದು ಕಡಿಮೆಯೆಂದು ನನಗೆ ತೋರುತ್ತದೆ.

ಕೋಥರೂಡದಲ್ಲಿ ಮನೆ ಮಾಡಿಕೊಂಡವರಿಗೆ ಒಂದು ಸೌಕರ್ಯವುಂಟು. ಬೆಳಿಗ್ಗೆ ಬೇಗ ಎದ್ದು ವೇತಾಳ ಟೇಕಡಿಯನ್ನು ಹತ್ತಿದರೆ, ಆ ಕಾಳಗದ ಪಟವೆಲ್ಲವೂ ಕಣ್ಣ ಮುಂದೆ ಹರಡಿಕೊಳ್ಳುತ್ತದೆ. ಆಗ್ನೇಯಕ್ಕೆ ತಿರುಗಿ ನಿಂತರೆ ಪರ್ವತಿಯ ಗುಡಿಯ ಶಿಖರ. ಅಲ್ಲಿ ನಿಂತು ಎರಡನೆಯ ಬಾಜೀರಾಯ ಕಾಳಗವನ್ನು ನೋಡಿದ. ಉತ್ತರಕ್ಕೆ ತಿರುಗಿದರೆ ಚತುಃಶೃಂಗಿಯ ಗುಡ್ಡ, ಅದರಾಚೆ ವಿಶ್ವವಿದ್ಯಾಲಯದ ಮರಗಳ ತೋಪು. ಆ ಬಯಲೇ ಗಣೇಶಖಿಂಡ. ಅದರ ಮುಂದೆ ಖಡಕಿ, ಮುಳಾ ನದಿ, ನದಿಯಾಚೆ ದಾಪೋಡಿ. ಬಲಗಡೆಗೆ ಊರಿನೊಳಗೆ ಮುಳಾ ಮುಠಾ ಕೂಡುವ ಸಂಗಮ. ಇಂಗ್ಲಿಷರ ರೆಸಿಡೆಂಟ ಎಲ್ಫಿನ್‌ಸ್ಟನ್ನನ ಬಂಗಲೆ ಅಲ್ಲಿತ್ತು. ಇಂದು ಕಟ್ಟಡಗಳ ಗದ್ದಲದಲ್ಲಿ ನೆಲದ ಏರುತಗ್ಗು ಅಡಗಿಹೋಗಿದೆ ನಿಜ. ಆದರೆ ಗುಡ್ಡಗಳು ಜಾಗ ಬಿಟ್ಟು ಕದಲಿಲ್ಲ. ಲೆಕ್ಕ ಹಾಕುವವರಿಗೆ ಅಷ್ಟು ಸಾಕು.

ಇನ್ನು ಜಗಳದ ಕಾರಣಕ್ಕೆ ಬರೋಣ. ಬಾಜೀರಾಯನು ೧೮೦೨ರ ಕೊನೆಯ ದಿನ ವಸಯಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, ಕಂಪನಿಯ ಪಲ್ಟಣಗಳ ಕಾವಲಿನಲ್ಲಿ ತನ್ನ ಗಾದಿಗೆ ಮರಳಿ ಬಂದವನು. ಮುಂದೆ ೧೮೧೫ರಲ್ಲಿ ಬಡೋದೆಯ ಗಾಯಕವಾಡರ ವಕೀಲ ಗಂಗಾಧರ ಶಾಸ್ತ್ರಿಯ ಕೊಲೆ ಪಂಢರಪುರದಲ್ಲಿ ಆಯಿತು. ಆರೋಪ ಪೇಶವೆಯ ನೆಚ್ಚಿನ ತ್ರಿಂಬಕಜಿ ಡೇಂಗಳೆಯ ಮೇಲೆ ಬಂದಿತು. ಅವನನ್ನು ಠಾಣೆಯ ಕೋಟೆಯಲ್ಲಿ ಸೆರೆಯಿಟ್ಟರು. ಅವನು ಮರುವರ್ಷ ತಪ್ಪಿಸಿಕೊಂಡ. ಇದೆಲ್ಲದರ ದಂಡವೆಂಬಂತೆ ಎಲ್ಫಿನ್‌ಸ್ಟನ್‌ನು ೧೮೧೭ರ ಜೂನ ೧೩ರಂದು ಪೇಶವೆಯಿಂದ ಹೊಸ ಒಪ್ಪಂದ ಬರೆಸಿಕೊಂಡ.

ಈ ಒಪ್ಪಂದದ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು. ಅದರಲ್ಲಿ ಪೇಶವೆಯು ಬಿಟ್ಟುಕೊಟ್ಟ ಸೀಮೆಗಳ ಯಾದಿಯಿದೆ. ಆ ಯಾದಿಯಲ್ಲಿ ಧಾರವಾಡದ ಕೋಟೆಯಿದೆ, ಹುಬ್ಬಳ್ಳಿಯ ಮಗ್ಗುಲಿನ ಕುಸುಗಲ್ಲ ಇದೆ. ಕಚೇರಿಯಲ್ಲಿ ಕಾಗದಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಯಾದಿಗಳ ಬಗೆಗೆ ಒಂದು ಭಯವುಂಟು. ಹೆಸರು ಯಾದಿಯಲ್ಲಿ ಬಿದ್ದಿತೆಂದರೆ ತೀರಿತು. ಆ ಹೆಸರಿನವರನ್ನು ಯಾರೂ ಕೇಳುವುದಿಲ್ಲ. ಪುಣೆಯ ಒಂದು ಕೋಣೆಯಲ್ಲಿ ಇಬ್ಬರು ಕೂತು ಕಾಗದದ ಮೇಲೆ ಬರೆದರು. ಧಾರವಾಡದ ಒಕ್ಕಲಿಗನಿಗೆ ತನ್ನ ಧಣಿ ಬದಲಾದುದು ತಿಳಿದದ್ದು ಹೊಸ ಸರಕಾರದವರು ಬಂದು ಕೋಟೆಯ ಬಾಗಿಲು ತಟ್ಟಿದಾಗಲೇ ಇರಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ.

ಸಹಿಯೇನೋ ಹಾಕಿದ, ಬಾಜೀರಾಯನ ಹೊಟ್ಟೆಯ ಉರಿ ಆರಲಿಲ್ಲ. ದಂಡು ಕೂಡಿಸತೊಡಗಿದ. ಆ ವರ್ಷ ಅಕ್ಟೋಬರ ೧೯ಕ್ಕೆ ದಸರೆ. ಪದ್ಧತಿಯಂತೆ ಸೀಮೋಲ್ಲಂಘನಕ್ಕೆ ಸೇರಿದ ರಾವುತರ ಒಂದು ತಂಡ ಇಂಗ್ಲಿಷರ ಸಿಪಾಯಿಗಳ ಸಾಲಿನ ಮೇಲೆ ಏರಿ ಬರುವಂತೆ ಕುದುರೆ ಓಡಿಸಿ, ಹತ್ತಿರ ಬಂದು ಹೊರಳಿ ಹೋಯಿತು. ಬನ್ನಿ ಕೊಡುವ ಹಬ್ಬದಲ್ಲಿ ಕೊಟ್ಟ ಎಚ್ಚರಿಕೆ ಅದು. ಕಂಪನಿಯ ದಂಡು ಆಗ ಊರಿಗೆ ಹತ್ತಿದ ಗಾರಪೀರದಲ್ಲಿತ್ತು. ಅಕ್ಟೋಬರ ೩೦ಕ್ಕೆ ಮುಂಬಯಿಯಿಂದ ಗೋರರ ಪಲ್ಟಣ ಬಂದು ಮುಟ್ಟಿತು. ನವೆಂಬರ ೧ಕ್ಕೆ ಎಲ್ಲರೂ ಡೇರೆ ಕಿತ್ತು, ಬಚಾವಿಗೆ ಅನುಕೂಲವಾದ ಖಡಕಿಗೆ ಹೋದರು.

ಪೇಶವೆಯ ಸೇನಾಪತಿ ಬಾಪೂ ಗೋಖಲೆ. ಇವನ ಹೆಸರು ಪುಣೆಯವರಿಗೆ ಎಷ್ಟು ಪರಿಚಿತವೋ ನಮ್ಮ ಸೀಮೆಗೂ ಒಂದು ಕಾಲಕ್ಕೆ ಅಷ್ಟೇ ಪರಿಚಿತವಾಗಿತ್ತು. ಇವನ ಚಿಕ್ಕಪ್ಪ ಧೋಂಡೋಪಂತ ಗೋಖಲೆಯು ಧಾರವಾಡದ ಕಡೆಯ ಸೀಮೆಯನ್ನು ಪೇಶವೆಯ ಪರವಾಗಿ ನೋಡುತ್ತಿದ್ದವನು. ಟೀಪೂ ಮಡಿದ ಬಳಿಕ ಚನ್ನಗಿರಿಯ ಧೋಂಡಿಯ ವಾಘನು ದಂಡು ಕಟ್ಟಿಕೊಂಡು ತಿರುಗುತ್ತಿದ್ದನಷ್ಟೆ; ೧೮೦೦ರಲ್ಲಿ ಕಿತ್ತೂರಿನ ಸೀಮೆಯಲ್ಲಿ ಅವನ ಕೈಯಲ್ಲಿ ಧೋಂಡೋಪಂತ ಮಡಿದ. ಬಾಪೂ ಗೋಖಲೆ ಸೇಡು ತೀರಿಸಿಕೊಳ್ಳಲು ಯಾರ ಜೊತೆಗೆ ಹೋದನೆಂದರೆ, ಇಂಗ್ಲಿಷರ ಕರ್ನಲ್ ವೆಲ್ಲೆಸ್ಲಿಯ ಜೊತೆಗೆ! ಅದೇ ವರ್ಷ ಸೆಪ್ಟೆಂಬರದಲ್ಲಿ ಧೋಂಡಿಯ ಮಡಿದ. ಅಂದರೆ ಬಾಪೂ ಗೋಖಲೆ ರಾವುತಿಕೆಯಲ್ಲಿ ಪಳಗಿದ್ದು ನಮ್ಮ ಎರೆಹೊಲಗಳಲ್ಲಿ, ಇಂಗ್ಲಿಷರ ಗೆಳೆತನದಲ್ಲಿ. ಹದಿನೇಳು ವರ್ಷಗಳ ಮೇಲೆ ಅವನು ಎದುರಿಗೆ ನಿಂತದ್ದು ಅದೇ ಗೆಳೆಯರಿಗೆ. ಆ ಕಾಲದಲ್ಲಿ ‘ನಮ್ಮವರು’ ‘ಪರರು’ ಎಂಬ ಮಾತಿನ ಅರ್ಥ ಎಷ್ಟು ಬೇಗ ಹೊರಳುತ್ತಿತ್ತೆಂಬುದಕ್ಕೆ ಇದೊಂದು ಉದಾಹರಣೆ.

ನವೆಂಬರ ೫. ದೀಪಾವಳಿಗೆ ಇನ್ನು ಮೂರು ನಾಲ್ಕು ದಿನ. ಮಧ್ಯಾಹ್ನದ ಮೇಲೆ ಪೇಶವೆಯ ದಂಡು ಊರಿನಿಂದ ಹೊರಬಿದ್ದಿತು. ಎಲ್ಫಿನ್‌ಸ್ಟನ್‌ನು ಸಂಗಮದ ಬಂಗಲೆ ಬಿಟ್ಟು, ನದಿ ದಾಟಿ ದಂಡೆಗುಂಟ ಖಡಕಿಯ ತನ್ನ ದಂಡನ್ನು ಕೂಡಿಕೊಂಡ. ಅವನು ಅತ್ತ ಹೋಗುತ್ತಲೂ ಇತ್ತ ಬಂಗಲೆಗೆ ಬೆಂಕಿ ಬಿದ್ದಿತು. ಅವನು ವರ್ಷಗಟ್ಟಲೆ ಕೂಡಿಟ್ಟಿದ್ದ ಪುಸ್ತಕಗಳೂ ಬರೆದಿಟ್ಟ ಕಾಗದಗಳೂ ಸುಟ್ಟು ಬೂದಿಯಾದವು.

ಪೇಶವೆಯ ಕಡೆಗೆ ಹದಿನೆಂಟು ಸಾವಿರ ಕುದುರೆ, ಎಂಟು ಸಾವಿರ ಕಾಲಾಳು, ಹದಿನಾಲ್ಕು ತೋಪು. ಇದರಲ್ಲಿ ಒಂದು ಪಾಲು ಪರ್ವತಿಯ ಬುಡದಲ್ಲಿ ಬಾಜೀರಾಯನ ಮೈಗಾವಲಿಗೆಂದೇ ನಿಂತಿತ್ತು. ಇಂಗ್ಲಿಷರ ಕಡೆಗೆ ಎಲ್ಲ ಕೂಡಿ ಎರಡು ಸಾವಿರದ ಎಂಟುನೂರು; ಅವರಲ್ಲಿ ಎರಡು ಸಾವಿರ ಜನ ನಮ್ಮ ದೇಶದ ಸಿಪಾಯಿಗಳೇ. ಅವರ ದಂಡಿಗೆ ಹಿರಿಯ ಲೆಫ್ಟಿನೆಂಟ ಕರ್ನಲ್ ಬರ್. ಲಕ್ವ ಹೊಡೆದು ಮೈ ಸ್ವಾಧೀನ ತಪ್ಪಿದ್ದ ಮುದುಕ. ಸಂಖ್ಯೆ ಕಡಿಮೆಯಿದ್ದವರು ಕೋಟೆಯೊಳಗೆ ಅವಿತು ಕೂಡುವುದು ಲೋಕರೂಢಿ. ಇವರು ಹಾಗೆ ಮಾಡಲಿಲ್ಲ. ಕಾಯುತ್ತ ಕೂತರೆ ಜನರ ಧೈರ್ಯ ಕುಂದೀತು ಎಂದು ಬಯಲಿಗೆ ಬಂದು ತಾವೇ ಮುಂದೆ ನಡೆದರು.

ಇಲ್ಲಿ ಬಾಜೀರಾಯನ ಸ್ವಭಾವ ಬೆಳಕಿಗೆ ಬರುತ್ತದೆ. ಇಷ್ಟೆಲ್ಲ ಸಿದ್ಧತೆ ಮಾಡಿದವನು ಕೊನೆಯ ಗಳಿಗೆಯಲ್ಲಿ ಅಳುಕಿ, “ಮೊದಲ ಗುಂಡು ನಮ್ಮಿಂದ ಬೇಡ” ಎಂದು ಗೋಖಲೆಗೆ ಹೇಳಿಕಳಿಸಿದ. ದೂತ ಬರುವ ಸುದ್ದಿಯಿಂದಲೇ ಗೋಖಲೆ ಒಳಗಿನ ಮರ್ಮ ಊಹಿಸಿದ. ಅಪ್ಪಣೆ ಬಂದು ಮುಟ್ಟುವ ಮೊದಲೇ ಒಂಬತ್ತು ತೋಪುಗಳಿಗೆ ಬತ್ತಿ ಹಚ್ಚಿಸಿ, ಬಾಣಬಿರುಸು ಹೊತ್ತ ಒಂಟೆಗಳನ್ನು ಬಲಕ್ಕೆ ಅಟ್ಟಿ, ಎರಡೂ ಕಡೆಗೆ ರಾವುತರನ್ನು ಬಿಟ್ಟ. ಮೇಲಿನವರ ಮನಸ್ಸು ತಿರುಗುವುದರೊಳಗೆ ಕೆಲಸ ಮುಗಿಸಿಬಿಡಬೇಕೆಂಬ ಈ ಆತುರ ಕಚೇರಿಗಳಲ್ಲಿ ದುಡಿಯುವವರಿಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಗೋಖಲೆಯ ಕೈಯಲ್ಲಿದ್ದುದು ಕಡತವಲ್ಲ, ಒಂದು ರಾಜ್ಯ.

ದಾಪೋಡಿಯಲ್ಲಿ ಪೇಶವೆಯದೇ ಒಂದು ಕವಾಯತಿನ ಪಲ್ಟಣವಿತ್ತು. ಸಂಬಳ ಪೇಶವೆಯದು, ಅಧಿಕಾರಿಗಳು ಇಂಗ್ಲಿಷರು. ಅವರ ಮುಖ್ಯಸ್ಥ ಕ್ಯಾಪ್ಟನ್ ಫೋರ್ಡ್. ಈ ಫೋರ್ಡನಿಗೂ ಪೇಶವೆಯ ಸರದಾರ ಮೋರೋ ದೀಕ್ಷಿತನಿಗೂ ಬಹಳ ಗೆಳೆತನ. ಯುದ್ಧ ತಪ್ಪದೆಂದು ಕಂಡಾಗ ದೀಕ್ಷಿತನು ಫೋರ್ಡನಿಗೆ “ನೀನು ಯಾರ ಕಡೆಗೂ ಸೇರದೆ ಸುಮ್ಮನಿರು” ಎಂದು ಕೇಳಿಕೊಂಡ. “ನನ್ನ ದೇಶದವರನ್ನು ಬಿಟ್ಟು ಇರಲಾರೆ” ಎಂಬುದು ಫೋರ್ಡನ ಉತ್ತರ. ಹಾಗಾದರೆ ಒಂದು ಮಾತು ಕೊಡು ಎಂದ ದೀಕ್ಷಿತ: ನಮ್ಮಿಬ್ಬರಲ್ಲಿ ಯಾರ ಕಡೆಗೆ ಗೆಲುವಾಗುತ್ತದೆಯೋ ಅವರು ಸೋತವರ ಹೆಂಡಿರು ಮಕ್ಕಳನ್ನು ಕಾಪಾಡಬೇಕು. ಇಬ್ಬರೂ ಒಪ್ಪಿದರು. ಅಂದಿನ ಸಂಜೆ ಜರಿಪಟಕೆಯನ್ನು ಹೊತ್ತವನು ಇದೇ ಮೋರೋ ದೀಕ್ಷಿತ. ದಂಡು ಊರು ಬಿಡುವಾಗಲೇ ಆ ನಿಶಾನೆಯ ಕೋಲು ಮುರಿದಿತ್ತಂತೆ. ಅಪಶಕುನವೆಂದು ಜನ ನೊಂದುಕೊಂಡಿದ್ದರು. ದಾಪೋಡಿಯಿಂದ ಬರುತ್ತಿದ್ದ ಫೋರ್ಡನ ಪಲ್ಟಣದ ಮೇಲೆ ದೀಕ್ಷಿತ ಏರಿ ಹೋದ. ಫೋರ್ಡನ ತೋಪೊಂದರ ಗುಂಡು ತಗಲಿ ಸತ್ತ.

ಈ ಸಂಗತಿಯನ್ನು ಓದಿದ ದಿನ ನನಗೆ ಬೇರೆ ಏನೂ ಓದಬೇಕೆನಿಸಲಿಲ್ಲ. ಮಾತು ಕೊಟ್ಟವನ ತೋಪೇ ಮಾತು ತೆಗೆದುಕೊಂಡವನನ್ನು ಕೊಂದಿತು. ಇದರಲ್ಲಿ ದ್ರೋಹವಿಲ್ಲ, ದ್ವೇಷವೂ ಇಲ್ಲ. ಇಬ್ಬರೂ ತಮ್ಮ ತಮ್ಮ ಕಡೆಗೆ ನಿಷ್ಠರಾಗಿದ್ದರು, ಅಷ್ಟೆ. ಗೆಳೆಯರು ಎರಡು ಕಡೆ ಹಂಚಿಹೋದ ಮೇಲೂ ಒಬ್ಬರು ಇನ್ನೊಬ್ಬರ ಮಕ್ಕಳ ಯೋಗಕ್ಷೇಮವನ್ನು ನೆನೆಯಬಲ್ಲರು ಎಂಬುದೊಂದೇ ಆ ಕಥೆಯಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ಮಾತು.

ಇತ್ತ ನಡುಬಯಲಿನಲ್ಲಿ ಪೇಶವೆಯ ಕಡೆಯ ಕವಾಯತಿನ ಕಾಲಾಳು ಡಿ ಪಿಂಟೋ ಎಂಬ ಪೋರ್ತುಗೀಜನ ಕೈಕೆಳಗೆ ಮುಂದೆ ಬಂದಿತು. ಅದನ್ನು ಕಂಡು ಕಂಪನಿಯ ಏಳನೆಯ ಪಲ್ಟಣದ ಸಿಪಾಯಿಗಳು ಹುರುಪಿನಿಂದ ಸಾಲು ಬಿಟ್ಟು ನುಗ್ಗಿದರು. ಸಾಲಿನಲ್ಲಿ ಸಂದು ಬಿದ್ದಿತು. ಗೋಖಲೆ ಕಾಯುತ್ತಿದ್ದುದು ಇದನ್ನೇ. ಆರಿಸಿದ ಆರು ಸಾವಿರ ಕುದುರೆಯನ್ನು ಒಮ್ಮೆಲೇ ಆ ಸಂದಿನ ಕಡೆಗೆ ಬಿಟ್ಟ. ಎಲ್ಫಿನ್‌ಸ್ಟನ್ನನ ಕೈಕೆಳಗೆ ಆಗ ಗ್ರಾಂಟ್ ಡಫ್ ಎಂಬ ತರುಣ ಅಧಿಕಾರಿಯಿದ್ದ. ಮುಂದೆ ೧೮೨೬ರಲ್ಲಿ ಮರಾಠರ ಇತಿಹಾಸವನ್ನು ಪ್ರಕಟಿಸಿದವನು ಇವನೇ. ಅಂದಿನ ನೋಟವನ್ನು ಕಣ್ಣಾರೆ ಕಂಡ ಅವನು ಅದನ್ನು ಖಂಬಾಯತದ ಕೊಲ್ಲಿಯಲ್ಲಿ ಭರತದ ನೀರು ಗೋಡೆಯಾಗಿ ನುಗ್ಗಿ ಬರುವುದಕ್ಕೆ ಹೋಲಿಸಿದ್ದಾನೆ. ಗದ್ದೆಯ ಪೈರು ಕುದುರೆಯ ಕಾಲಿಗೆ ಸಿಕ್ಕು ಮಲಗಿರಬೇಕು, ಬೇಲಿಗಳು ಮುರಿದಿರಬೇಕು, ಜಿಂಕೆ ಮೊಲಗಳು ದಿಕ್ಕೆಟ್ಟು ಓಡಿರಬೇಕು.

ಮುದುಕ ಬರ್ ಆ ಏಳನೆಯ ಪಲ್ಟಣವನ್ನು ಹಿಂದೆ ತಾನೇ ನಡೆಸಿದವನು. ಅವರ ನಡುವೆ ಹೋಗಿ ನಿಂತು, ಕುದುರೆ ಹತ್ತಿರ ಬರುವ ತನಕ ಯಾರೂ ಗುಂಡು ಹಾರಿಸಬಾರದೆಂದು ಹೇಳಿದ. ಸಿಪಾಯಿಗಳ ಮುಂದೆ ಒಂದು ಜೌಗು ನೆಲವಿತ್ತು. ಅದು ಇಂಗ್ಲಿಷರಿಗೂ ಗೊತ್ತಿರಲಿಲ್ಲ, ಗೋಖಲೆಗೂ ಗೊತ್ತಿರಲಿಲ್ಲ. ನಾಗಾಲೋಟದಲ್ಲಿ ಬಂದ ಮುಂದಿನ ಕುದುರೆಗಳು ಆ ಕೆಸರಿನಲ್ಲಿ ಹೂತು ಮುಗ್ಗರಿಸಿದವು. ಹಿಂದಿನವು ಅವುಗಳ ಮೇಲೆ ಬಿದ್ದವು. ಆಗ ಗುಂಡು ಹಾರಿದವು. ಕೆಸರು ದಾಟಿ ಬಯೋನೆಟ್ಟಿನ ತನಕ ಬಂದು ಮುಟ್ಟಿದವರು ಕೆಲವೇ ನೂರು ಜನ. ಬರ್‌ನ ಎಡಬಲಕ್ಕೆ ಇದ್ದ ಇಬ್ಬರು ಆರ್ಡರ್ಲಿಗಳು ಸತ್ತರು. ಗೋಖಲೆಯ ಕುದುರೆಗೂ ಗಾಯವಾಯಿತು. ಗೋರರ ಕಂಪನಿಗಳು ಸಿಪಾಯಿಗಳ ಸಹಾಯಕ್ಕೆ ಬಂದವು. ರಾವುತರು ಹೊರಳಿದರು. ಸಂಜೆ ಎಂಟರ ಸುಮಾರಿಗೆ ಇಂಗ್ಲಿಷರು ಖಡಕಿಗೆ ತಿರುಗಿ ಬಂದು ಎಣಿಸಿದಾಗ, ಸತ್ತವರು ಗಾಯಗೊಂಡವರು ಕೂಡಿ ಎಂಬತ್ತಾರು. ಮರಾಠರ ಕಡೆಗೆ ಐದುನೂರು.

ಇಷ್ಟು ಸಣ್ಣ ಲೆಕ್ಕದ ಕಾಳಗವೇ ಎಂದು ಓದುಗರು ಕೇಳಬಹುದು. ಲೆಕ್ಕ ಸಣ್ಣದು, ಫಲ ಸಣ್ಣದಲ್ಲ. ಆ ವರ್ಷ ಇಂಗ್ಲಿಷರು ನರ್ಮದೆಯ ಎರಡೂ ಕಡೆಗೆ ಲಕ್ಷಕ್ಕೆ ಮೀರಿದ ದಂಡನ್ನು ಕೂಡಿಸಿದ್ದರು. ಅಲ್ಲಿಯ ವರೆಗೆ ಅಷ್ಟು ದೊಡ್ಡ ದಂಡನ್ನು ಅವರು ಹಿಂದುಸ್ತಾನದಲ್ಲಿ ಕೂಡಿಸಿರಲಿಲ್ಲ. ಆದರೆ ಪೇಶವೆಯೊಡನೆ ಯುದ್ಧಕ್ಕೆ ಮೊದಲಾದುದು ಗಣೇಶಖಿಂಡದ ಕೆಸರಿನಲ್ಲಿ. ನವೆಂಬರ ೧೩ಕ್ಕೆ ಜನರಲ್ ಸ್ಮಿಥ್ ತನ್ನ ಸೇನೆಯೊಡನೆ ಪುಣೆಗೆ ಬಂದ; ೧೭ಕ್ಕೆ ಶನಿವಾರ ವಾಡೆಯ ಮೇಲೆ ಕಂಪನಿಯ ನಿಶಾನೆ ಏರಿತು. ೧೮೧೮ರ ಜನವರಿ ೧ಕ್ಕೆ ಕೋರೆಗಾಂವದಲ್ಲಿ ಕಾಳಗ. ಫೆಬ್ರುವರಿ ೨೦ಕ್ಕೆ ಆಷ್ಟಿಯಲ್ಲಿ ಬಾಪೂ ಗೋಖಲೆ ಕತ್ತಿ ಹಿಡಿದೇ ಮಡಿದ. ಜೂನ ತಿಂಗಳ ಮೊದಲಿಗೆ ಬಾಜೀರಾಯ ಮಾಲ್ಕಮ್ಮನಿಗೆ ಶರಣಾಗಿ, ವರ್ಷಕ್ಕೆ ಎಂಟು ಲಕ್ಷ ರೂಪಾಯಿ ಪೆನ್ಶನ್ ಪಡೆದು ಗಂಗೆಯ ದಂಡೆಯ ಬಿಠೂರಿಗೆ ಹೋದ. ಅಲ್ಲಿ ಮತ್ತೆ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದ.

ಇನ್ನು ನಮ್ಮ ಸೀಮೆಯ ಮಾತು. ಜೂನ ತಿಂಗಳ ಯಾದಿಯಂತೆ ಧಾರವಾಡವನ್ನು ವಶಕ್ಕೆ ತೆಗೆದುಕೊಳ್ಳಲು ಬಂದವನು ಮದರಾಸಿನ ಥಾಮಸ್ ಮನ್ರೋ. ಯುದ್ಧ ಮೊದಲಾದಾಗ ಅವನ ಬಳಿ ಹೇಳಿಕೊಳ್ಳುವಂಥ ದಂಡಿರಲಿಲ್ಲ. ಆದರೆ ಬಳ್ಳಾರಿ, ಕೆನರಾಗಳಲ್ಲಿ ಕಂದಾಯದ ಕೆಲಸ ಮಾಡಿ ನಮ್ಮ ಹಳ್ಳಿಗಳ ಒಳಹೊರಗನ್ನು ಬಲ್ಲವನು. ಊರ ಜನರನ್ನೇ ಕಾವಲಿಗೆ ಕೂಡಿಸಿಕೊಂಡು ಪೇಶವೆಯ ಅಧಿಕಾರಿಗಳನ್ನು ಒಂದೊಂದೇ ಠಾಣೆಯಿಂದ ಎಬ್ಬಿಸಿದ. ಬಾಜೀರಾಯನು ಕಂದಾಯವನ್ನು ಮಕ್ತೆಗೆ ಹರಾಜು ಹಾಕಿ ಒಕ್ಕಲಿಗರನ್ನು ಹಿಂಡಿದ್ದನಾದುದರಿಂದ ಆ ಅಧಿಕಾರಿಗಳಿಗಾಗಿ ಅಳುವವರು ಕಡಿಮೆ. ಸೋತ ಪೇಶವೆ ಕೃಷ್ಣೆಯನ್ನು ದಾಟಿ ಘಟಪ್ರಭೆಯ ಕಡೆಗೆ ಓಡಿ ಬಂದಾಗ ಅಲ್ಲಿಯೂ ನಿಲ್ಲಲು ನೆಲೆ ಸಿಗಲಿಲ್ಲ. ಫೆಬ್ರುವರಿಯಲ್ಲಿ ಬಾದಾಮಿ, ಎಪ್ರಿಲ ೧೦ಕ್ಕೆ ಬೆಳಗಾವಿಯ ಕೋಟೆ, ಮೇ ತಿಂಗಳಲ್ಲಿ ಸೊಲ್ಲಾಪುರ ಮನ್ರೋನ ಕೈಸೇರಿದವು.

ಸೀಮೆಯನ್ನು ಗೆದ್ದವನು ಮದರಾಸಿನವನು, ಆದರೆ ಸೀಮೆ ಹೋದದ್ದು ಮುಂಬಯಿ ಇಲಾಖೆಗೆ. ಏಕೆಂದರೆ ಅದು ಪೇಶವೆಯ ಆಸ್ತಿ, ಪೇಶವೆಯ ಆಸ್ತಿಗೆ ವಾರಸುದಾರ ಮುಂಬಯಿ ಸರಕಾರ. ವಿಜಯಪುರವನ್ನು ಸಾತಾರೆಯ ರಾಜನಿಗೆ ಕೊಟ್ಟರು. ೧೮೪೮ರಲ್ಲಿ ಅದೂ ಮುಂಬಯಿಗೆ ಬಂದಿತು. ಬಳ್ಳಾರಿ ಮದರಾಸಿನಲ್ಲಿ, ರಾಯಚೂರು ಕಲಬುರ್ಗಿ ನಿಜಾಮನಲ್ಲಿ, ಮೈಸೂರು ಒಡೆಯರಲ್ಲಿ. ಕನ್ನಡದ ಸಂಸಾರ ಹೀಗೆ ಬೇರೆ ಬೇರೆ ಅಂಗಳಗಳಲ್ಲಿ ಹಂಚಿಹೋಯಿತು. ೧೯೫೬ರ ನವೆಂಬರ ೧ರಂದು ಮತ್ತೆ ಒಂದಾಗುವ ವರೆಗೆ ಧಾರವಾಡದವನಿಗೆ ರಾಜಧಾನಿ ಮುಂಬಯಿ, ವಿದ್ಯೆಯ ಊರು ಪುಣೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು ೧೯೧೭ರಲ್ಲಿ, ಆ ಕಾಳಗಕ್ಕೆ ಸರಿಯಾಗಿ ನೂರು ವರ್ಷಕ್ಕೆ. ಅಲ್ಲಿಯ ವರೆಗೆ ಪದವಿ ಬೇಕಾದವನು ಪುಣೆಗೋ ಮುಂಬಯಿಗೋ ಗಂಟು ಕಟ್ಟಲೇಬೇಕಾಗಿತ್ತು. ಆಲೂರ ವೆಂಕಟರಾಯರು ಹೀಗೆ ಫರ್ಗ್ಯುಸನ್ ಕಾಲೇಜಿಗೆ ಬಂದರು; ಬೇಂದ್ರೆಯವರೂ ಅಲ್ಲಿಯೇ ಓದಿ ೧೯೧೮ರಲ್ಲಿ ಬಿ.ಎ. ಆದರು. ಅವರು ತುಳಿದ ದಾರಿಯಲ್ಲಿ ಗುಮಾಸ್ತರು ಬಂದರು, ಮಾಸ್ತರರು ಬಂದರು, ಖಾನಾವಳಿಯವರು ಬಂದರು, ನಾವೂ ಬಂದೆವು. ಆ ದಾರಿ ಕೆಸರಿನಲ್ಲಿ ಮುಗ್ಗರಿಸಿದ ಕುದುರೆಗಳ ಹಿಂದೆ ಹುಟ್ಟಿದ್ದು.

ಈಚೆಗೆ ನನ್ನ ಮಗಳು ಶಾಲೆಯವರೊಡನೆ ಶನಿವಾರ ವಾಡೆಯನ್ನು ನೋಡಿಕೊಂಡು ಬಂದಳು. ಐದನೆಯ ಇಯತ್ತೆ. ಊಟಕ್ಕೆ ಕೂತಾಗ ಕೇಳಿದಳು:

“ಅಪ್ಪಾ, ಇಂಗ್ಲಿಷರ ಜೋಡಿ ಯುದ್ಧ ಆತಲ್ಲ, ಆವಾಗ ನಾವು ಯಾರ ಕಡೆ ಇದ್ದಿವಿ?”

“ನಾವು ಅಂದ್ರ ಯಾರವಾ?”

“ನಾವು ಅಂದ್ರ ಕನ್ನಡದವರು. ನನ್ನ ಗೆಳತಿ ಕೇಳಿದಳು. ಅವರು ಪೇಶವೆ ಕಡೆ ಅಂತ. ನಾವು?”

ಅವಳ ತಾಯಿ ನನ್ನ ಮುಖ ನೋಡಿದಳು. ಮಕ್ಕಳ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಅದಕ್ಕೆ ನಾವು ಕೊಡುವ ಉತ್ತರದ ಮೇಲೆ ಆ ಮಗು ನಾಳೆ ತರಗತಿಯಲ್ಲಿ ಯಾರ ಮಗ್ಗುಲಿಗೆ ಕೂಡುತ್ತದೆ ಎಂಬುದು ನಿಂತಿರುತ್ತದೆ. “ಪೇಶವೆಯ ಕಡೆ” ಎಂದುಬಿಟ್ಟರೆ ಗೆಳತಿಗೆ ಸಂತೋಷವಾದೀತು, ಅದು ಪೂರ್ತಿ ನಿಜವಲ್ಲ. “ಎದುರು ಕಡೆ” ಎಂದರೆ ಅದೂ ನಿಜವಲ್ಲ, ಮೇಲಾಗಿ ಮನಸ್ಸು ಕೆಡುತ್ತದೆ.

ನಮ್ಮ ಕೆಳಮನೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಟೇಕಡಿಗೆ ಹೋಗುವಾಗ ಅನೇಕ ಸಲ ಜೊತೆಯಾಗುತ್ತಾರೆ. ಅವರಿಗೆ ಇತಿಹಾಸದ ಹುಚ್ಚು. ಒಮ್ಮೆ ನಗುತ್ತಲೇ, “ನಿಮ್ಮ ಜನ ಮನ್ರೋನ ಜೊತೆ ಕೂಡಿ ನಮ್ಮ ಮಾಮಲೇದಾರರನ್ನು ಓಡಿಸಿದಿರಲ್ಲ!” ಎಂದು ಚುಚ್ಚಿದರು. ನಾನೂ ನಗುತ್ತ, “ಕಾಕಾ, ಅದಕ್ಕೂ ಮೊದಲು ನಿಮ್ಮ ಗೋಖಲೆಯವರು ವೆಲ್ಲೆಸ್ಲಿಯ ಜೊತೆ ಕೂಡಿ ನಮ್ಮ ಧೋಂಡಿಯನನ್ನು ಓಡಿಸಿದರಲ್ಲ” ಎಂದೆ. ಅವರು ಗಟ್ಟಿಯಾಗಿ ನಕ್ಕು, “ಹಾಗಾದರೆ ಲೆಕ್ಕ ಚುಕ್ತಾ” ಎಂದರು. ಸ್ವಲ್ಪ ದೂರ ನಡೆದ ಮ್ಯಾಲೆ ತಾವೇ ನಿಂತು, “ಆ ದಿನ ಇಂಗ್ಲಿಷರ ಸಾಲಿನಲ್ಲಿ ನಿಂತ ಎರಡು ಸಾವಿರ ಸಿಪಾಯಿಗಳಿದ್ದಾರಲ್ಲ, ಅವರೆಲ್ಲ ಯಾರು? ನಮ್ಮ ನಿಮ್ಮಂಥವರೇ” ಎಂದರು. ಅವರ ಆ ಮಾತು ನನಗೆ ದಾರಿ ತೋರಿಸಿತು.

ನಿಜವಾಗಿ ನೋಡಿದರೆ ನಮ್ಮವರು ಎಲ್ಲ ಕಡೆಗೂ ಇದ್ದರು. ಅದೇ ಯುದ್ಧದಲ್ಲಿ, ೧೮೧೭ರ ಡಿಸೆಂಬರ ೨೧ರಂದು ಮಾಳವದ ಮಹಿದಪುರದಲ್ಲಿ ಹೋಳ್ಕರರ ದಂಡನ್ನು ಎದುರಿಸಿದ ಇಂಗ್ಲಿಷರ ಸೇನೆಯಲ್ಲಿ ಮೈಸೂರಿನ ಸಿಲ್ಲೇದಾರ ರಾವುತರಿದ್ದರು. ಪೇಶವೆಯು ಕಿತ್ತೂರಿನ ಮಲ್ಲಸರ್ಜ ದೇಸಾಯಿಯನ್ನು ಪುಣೆಯಲ್ಲಿ ಸೆರೆಯಿಟ್ಟಿದ್ದ. ಬಿಡುಗಡೆಯಾಗಿ ಊರಿನ ದಾರಿ ಹಿಡಿದವನು ಹೆಚ್ಚು ದಿನ ಬದುಕಲಿಲ್ಲ. ಅವನ ಮಗ ೧೮೧೮ರಲ್ಲಿ ಬೆಳಗಾವಿಯ ಮುತ್ತಿಗೆಯಲ್ಲಿ ಮನ್ರೋನಿಗೆ ಸಹಾಯ ಮಾಡಿದ. ಆದರೆ ಬರಿಯ ಆರು ವರ್ಷಗಳಲ್ಲಿ, ೧೮೨೪ರ ಅಕ್ಟೋಬರ ೨೩ರಂದು, ಅದೇ ಕಿತ್ತೂರಿನ ಕೋಟೆಯ ಮುಂದೆ ಚೆನ್ನಮ್ಮನ ಜನ ಧಾರವಾಡದ ಕಲೆಕ್ಟರ ಥ್ಯಾಕರೆಯನ್ನು ಕೆಡವಿದರು. ೧೮೫೮ರಲ್ಲಿ ನರಗುಂದದ ಬಾಬಾಸಾಹೇಬ ಭಾವೆ ಇಂಗ್ಲಿಷರ ಮೇಲೆ ಎದ್ದ. ಮನೆತನ ಮರಾಠಿ, ಅವನ ಪ್ರಜೆಗಳು ಕನ್ನಡಿಗರು. ಇಲ್ಲಿ ‘ನಾವು’ ಯಾರು, ‘ಅವರು’ ಯಾರು? ಗೆರೆ ಎಳೆಯಲು ಕೂತರೆ ಕೋಲು ಮುರಿಯುತ್ತದೆಯೇ ಹೊರತು ಗೆರೆ ನೆಟ್ಟಗಾಗುವುದಿಲ್ಲ.

ಮಗಳಿಗೆ ನಾನು ಹೇಳಿದ ಉತ್ತರ ಇದು: “ಆ ದಿನ ನಮ್ಮನ್ನ ಯಾರೂ ಕೇಳಲೇ ಇಲ್ಲವಾ. ಪೇಶವೆನೂ ಕೇಳಲಿಲ್ಲ, ಇಂಗ್ಲಿಷರೂ ಕೇಳಲಿಲ್ಲ. ಕೆಲವರು ಇವರ ಕಡೆ, ಕೆಲವರು ಅವರ ಕಡೆ ಇದ್ರು. ಬಹಳ ಮಂದಿ ತಮ್ಮ ಹೊಲದಾಗ ಜೋಳ ಕಾಯ್ಕೋತ ಇದ್ರು. ನಿನ್ನ ಗೆಳತಿಯ ಮುತ್ತಜ್ಜನೂ ಇಲ್ಲೇ ಕೋಥರೂಡದಾಗ ಹೊಲಾ ಕಾಯ್ಕೋತ ಇದ್ದಿರಬಹುದು.” ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾರ ಇಬ್ಬರೂ ಒಂದೇ ಕಡೆ” ಎಂದಳು. ನಾನು ಬೇಡವೆನ್ನಲಿಲ್ಲ.

ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಒಂದು ಕಷ್ಟವಿದೆ. ಮನೆಯಲ್ಲಿ ಒಂದು ಇತಿಹಾಸ, ಬೀದಿಯಲ್ಲಿ ಇನ್ನೊಂದು. ಮನೆಯಲ್ಲಿ ಚೆನ್ನಮ್ಮ, ಬೀದಿಯಲ್ಲಿ ಬಾಜೀರಾಯ. ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದು ಮಗುವಿಗೆ ಹೇಳುವುದು ನ್ಯಾಯವಲ್ಲ. ಗಡಿಯ ಜಗಳದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮಲ್ಲಿ ಕೆಲವರು ಹಳೆಯ ಕಾಳಗಗಳನ್ನು ಎತ್ತಿಕೊಂಡು ಬರುತ್ತಾರೆ. ಆ ಕಡೆಯಲ್ಲಿಯೂ ಕೆಲವರು ಬರುತ್ತಾರೆ. ಹಳೆಯ ಕಾಳಗಗಳಲ್ಲಿ ಮೋರೋ ದೀಕ್ಷಿತನೂ ಫೋರ್ಡನೂ ಒಬ್ಬರಿಗೊಬ್ಬರು ಕೊಟ್ಟ ಮಾತೂ ಇತ್ತೆಂಬುದನ್ನು ಮಾತ್ರ ಯಾರೂ ಎತ್ತಿಕೊಂಡು ಬರುವುದಿಲ್ಲ.

ರವಿವಾರ ಬಿಡುವಿದ್ದವರು ಮಕ್ಕಳನ್ನು ಕರೆದುಕೊಂಡು ಈ ಜಾಗಗಳನ್ನು ಒಮ್ಮೆ ನೋಡಿ ಬರಬಹುದು. ಮೊದಲು ಪರ್ವತಿಯನ್ನು ಹತ್ತಿರಿ. ಬಾಜೀರಾಯ ನಿಂತು ನೋಡಿದನೆಂಬ ಕಿಟಕಿಯನ್ನು ಅಲ್ಲಿ ತೋರಿಸುತ್ತಾರೆ. ಅಲ್ಲಿಂದ ವಿಶ್ವವಿದ್ಯಾಲಯದ ಆವರಣಕ್ಕೆ ಬನ್ನಿರಿ. ಕಾಳಗವಾಗಿ ಐವತ್ತು ವರ್ಷಗಳ ಸುಮಾರಿಗೆ ಮುಂಬಯಿಯ ಗವರ್ನರರು ತಮಗಾಗಿ ಕಟ್ಟಿಸಿಕೊಂಡ ಬಂಗಲೆಯೇ ೧೯೪೯ರಿಂದ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡವಾಗಿದೆ. ಇಂದು ಆ ವಿಶ್ವವಿದ್ಯಾಲಯಕ್ಕೆ ಸಾವಿತ್ರಿಬಾಯಿ ಫುಲೆಯವರ ಹೆಸರು. ಆರು ಸಾವಿರ ಕುದುರೆ ಓಡಿದ ಬಯಲಿನ ಅಂಚಿನಲ್ಲಿ ಇಂದು ಹುಡುಗ ಹುಡುಗಿಯರು ಪುಸ್ತಕ ಹಿಡಿದು ಮರದ ನೆರಳಿನಲ್ಲಿ ಕೂತಿರುತ್ತಾರೆ. ಅವರಲ್ಲಿ ಬೆಳಗಾವಿಯವರು ಇದ್ದಾರು, ಸಾತಾರೆಯವರು ಇದ್ದಾರು. ಸಿಕ್ಕರೆ ಅವರನ್ನು ಮಾತನಾಡಿಸಿರಿ. ಯಾವ ಊರು, ಏನು ಓದುತ್ತೀರಿ ಎಂದು ಕೇಳಿರಿ. ಮಕ್ಕಳು ಕೇಳಿಸಿಕೊಳ್ಳಲಿ.